ಮನೆಗೆ ಸೇರಿಸುವ ಕೆಲಸ

ಹೋದ ತಿಂಗಳು ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನನ್ನು ನೋಡಲು ತಿಪಟೂರಿನ ಮನೆಗೆ ಬಂದಿದ್ದಳು. ದಿಕ್ಕಿಲ್ಲದ ಮಕ್ಕಳು, ಮನೆಬಿಟ್ಟ ಮಕ್ಕಳು, ಕಳೆದುಹೋದ ಮಕ್ಕಳು, ಇವರನ್ನೆಲ್ಲ ವಿಚಾರಿಸಿ ನೋಡುವ ಅಧಿಕಾರಿಯ ಹುದ್ದೆ. ನಾನು ನಿವೃತ್ತಳಾಗುವವರೆಗೆ ಮಾಡಿದ್ದೂ ಅದನ್ನೇ. "ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲೀಬೇಕು ಮೇಡಂ?" ಎಂದು ಕೇಳಿದಳು. ಮೊದಲು ಕಾಫಿ ಕುಡಿ ಎಂದೆ. ಅಂಥ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವ ಮೇಲಧಿಕಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರ ಸಾಲಿಗೆ ಸೇರುವ ಆಸೆ ಇರಲಿಲ್ಲ. ಅವಳು ಹೋದ ಮೇಲೆ ಬರೆಯಲು ಕೂತೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ನನ್ನ ಪಾಲಿಗೆ ಬಂದವು. ಜೀಪಿನ ಮಾತೇ ಇರಲಿಲ್ಲ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಯಿ ತುಂಬಿದ ಲಾರಿಯ ಡ್ರೈವರನ ಪಕ್ಕ ಕೂತು ಹೋಗುತ್ತಿದ್ದೆ. ತಿಪಟೂರಿಗೆ ರೈಲಿದ್ದುದರಿಂದ ಮಕ್ಕಳೂ ರೈಲಿನಲ್ಲೇ ಬರುತ್ತಿದ್ದರು. ಟಿಕೆಟ್ಟಿಲ್ಲವೆಂದು ಇಳಿಸಿದವರು, ಹೋಟೆಲಿನಲ್ಲಿ ಲೋಟ ತೊಳೆದು ಸಾಕಾಗಿ ಓಡಿಬಂದವರು, ಸಂತೆಯಲ್ಲಿ ಅವ್ವನ ಸೆರಗು ತಪ್ಪಿಹೋದವರು. ಅವರನ್ನು ಇಟ್ಟುಕೊಳ್ಳಲು ನಮಗಿದ್ದದ್ದು ಒಂದು ಬಾಡಿಗೆ ಮನೆ. ಹಿಂದೆ ಯಾರೋ ಕೊಬ್ಬರಿ ವ್ಯಾಪಾರಿಯ ಮನೆಯಾಗಿತ್ತಂತೆ. ಅಟ್ಟದಲ್ಲಿ ಕಾಯಿ ಇಲ್ಲದಿದ್ದರೂ ಕಾಯಿಯ ವಾಸನೆ ಹೋಗಿರಲಿಲ್ಲ. ಬಾಗಿಲಿಗೆ ಬಾಲಮಂದಿರ ಎಂಬ ಹಲಗೆ ಹಾಕಿದ್ದರಿಂದ ಊರವರು ಅದನ್ನು ಮಂದಿರ ಎನ್ನುತ್ತಿದ್ದರು. ಕೈಮುಗಿದು ಹೋಗುವವರೂ ಒಬ್ಬಿಬ್ಬರು ಇದ್ದರು.

ನಮಗೆ ಹೇಳಿಕೊಟ್ಟ ಕೆಲಸ ಇಷ್ಟೇ: ಮಗುವಿನ ಊರು ಪತ್ತೆ ಹಚ್ಚು, ಮನೆಗೆ ಸೇರಿಸು. ಇದರಲ್ಲಿ ನಾವು ಒಳ್ಳೇ ಪಳಗಿದ್ದೆವು. ಸಣ್ಣ ಮಗುವಿಗೆ ತಾಲ್ಲೂಕಿನ ಹೆಸರು ಗೊತ್ತಿರುವುದಿಲ್ಲ. ಊರಿನ ಹೆಸರು ಕೇಳಿದರೆ ಕೆರೆಯ ಹೆಸರನ್ನೋ ಅಜ್ಜಿಯ ಹೆಸರನ್ನೋ ಹೇಳುತ್ತದೆ. ಅದಕ್ಕೆ ಹಾಗೆ ಕೇಳಬಾರದು. ಬಾಗಿಲಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತೆ, ಕುರಿ ಯಾವ ಕಡೆಗೆ ಹೋಗುತ್ತವೆ, ಬಸ್ಸು ಬಂದರೆ ನಿಲ್ಲುತ್ತೋ ತಿರುಗುತ್ತೋ ಎಂದು ಕೇಳಬೇಕು. ತಿರುಗುತ್ತೆ ಎಂದರೆ ಅದೇ ಕೊನೆಯ ಊರು. ಇಂಥ ನಾಲ್ಕು ಮಾತಿನಲ್ಲಿ ಊರು ಹಿಡಿದು, ಮಗುವನ್ನು ಕೈಹಿಡಿದು ಕರೆದುಕೊಂಡು ಹೋಗಿ, ಅವ್ವನ ಮಡಿಲಿಗೆ ಹಾಕಿ ಬರುವ ಸುಖ ಬೇರೆ ಯಾವ ನೌಕರಿಯಲ್ಲೂ ಇಲ್ಲ. ಅವರು ಕೊಡುವ ಮಜ್ಜಿಗೆಯನ್ನು ಬೇಡ ಎನ್ನಲೂ ಬಾರದು.

ಆದರೆ ಸೇರಿದ ಎರಡನೇ ವರ್ಷವೇ ಲಕ್ಕಿ ಎಂಬ ಹುಡುಗಿ ನನ್ನ ಈ ಸುಖಕ್ಕೆ ಸ್ವಲ್ಪ ಮಣ್ಣು ಹಾಕಿದಳು. ಚಿಕ್ಕನಾಯಕನಹಳ್ಳಿ ಗುಡ್ಡದ ಕಡೆಯ ಕುರಿಗಾಹಿಗಳ ಮಗು. ಪೇಟೆಯ ಯಾರದೋ ಮನೆಯಲ್ಲಿ ಕಸಮುಸುರೆಗೆ ಇದ್ದು ಓಡಿಬಂದಿದ್ದಳು. ಊರು ಪತ್ತೆ ಹಚ್ಚಿ ಅಪ್ಪನಿಗೆ ಒಪ್ಪಿಸಿ ಬಂದೆ. ಅಪ್ಪ ಅವಳನ್ನು ಮತ್ತೆ ಅದೇ ಮನೆಗೆ ಬಿಟ್ಟು ಬಂದ. ಅವಳು ಮತ್ತೆ ಓಡಿಬಂದಳು. ಮತ್ತೆ ಒಪ್ಪಿಸಿದೆವು. ಹೀಗೆ ಒಂದೇ ಮಗುವಿನಿಂದ ನಮ್ಮ ಕಚೇರಿಗೆ ಎರಡು ಜಯ ಸಿಕ್ಕಿತು. ಮೂರನೇ ಸಲ ಬಂದಾಗ ಲಕ್ಕಿ ನನ್ನನ್ನು ನೋಡಿ, "ನೀವಾದ್ರೆ ಬ್ಯಾಡ ಬುಡಿ, ಪೊಲೀಸ್ನೋರ ತಾವ್ಲೇ ಇರ್ತೀನಿ" ಎಂದಳು. ಆಮೇಲೆ ಅವಳನ್ನು ಮಂದಿರದಲ್ಲೇ ಇಟ್ಟುಕೊಂಡು ಶಾಲೆಗೆ ಹಾಕಿದೆವು. ಮನೆಗೆ ಸೇರಿಸುವುದು ಎಂದರೆ ಏನು ಎಂದು ನಾನು ಮೊದಲ ಸಲ ಯೋಚನೆ ಮಾಡಿದ್ದು ಆಗ.

ನಮ್ಮ ಮೇಲಧಿಕಾರಿ ಶಿವನಂಜಪ್ಪನವರ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಕೆಟ್ಟವರಲ್ಲ. ಮಕ್ಕಳಿಗೆ ಕೈಯೆತ್ತಿದವರಲ್ಲ, ಊಟ ಸರಿಯಿಲ್ಲದಿದ್ದರೆ ತಾವೇ ಎಲೆಯ ಮುಂದೆ ಕೂತು ತಿಂದು ಅಡುಗೆಯವಳ ಗ್ರಹಚಾರ ಬಿಡಿಸುತ್ತಿದ್ದರು. ತಲೆಮಾರುಗಳಿಂದ ಕೊಬ್ಬರಿ ವ್ಯಾಪಾರದ ಮನೆತನ. ಅಂಗಡಿ ಅಣ್ಣನ ಪಾಲಿಗೆ ಹೋಗಿ ಇವರು ಸರ್ಕಾರದ ಪಾಲಾಗಿದ್ದರು. ಹಾಗಾಗಿ ಕಾಯಿಯ ಮೇಲಿನ ವಿದ್ಯೆಯನ್ನೆಲ್ಲ ಮಕ್ಕಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಹೊಸ ಮಗು ಬಂದು ಬಾಯಿ ಬಿಡದಿದ್ದರೆ ಅಡುಗೆಮನೆಯಲ್ಲಿ ಕೂರಿಸಿ ಕೈಗೆ ಒಂದು ಕಾಯಿ ಕೊಡಿಸುತ್ತಿದ್ದರು. ಏನು ಮಾಡುತ್ತದೋ ನೋಡಿ ಊರು ಹೇಳುತ್ತಿದ್ದರು. ನಾವು ನಗುತ್ತಿದ್ದೆವು, ಆದರೆ ಎಷ್ಟೋ ಸಲ ಸರಿಯಾಗುತ್ತಿತ್ತು. ಒಮ್ಮೆ ಬೆಂಗಳೂರಿನವನು ಎಂದು ಸಾಧಿಸುತ್ತಿದ್ದ ಹುಡುಗನೊಬ್ಬ ಕಾಯಿ ಕೈಗೆ ಬಂದಕೂಡಲೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ. ನಮ್ಮ ಕಡೆ ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಕಾಯಿ ಒಳಗೇ ಒಣಗಿ ಗಡಗಡ ಅಂದರೆ ಕೊಬ್ಬರಿಯಾಯಿತು ಎಂದು ಲೆಕ್ಕ. ಬೆಂಗಳೂರಿನವರು ಕಾಯಿ ಅಲ್ಲಾಡಿಸುವುದು ನೀರಿದೆಯೇ ಎಂದು ನೋಡಲಿಕ್ಕೆ. ಇವನು ಸದ್ದಿಲ್ಲದ ಕಾಯನ್ನು "ಇನ್ನೂ ಆಗಿಲ್ಲ" ಎಂದು ಪಕ್ಕಕ್ಕಿಟ್ಟ. ಸಾಹೇಬರು, "ಯಾವ ತೋಟದ ಮನೆಯೋನೋ ನೀನು?" ಎಂದರು. ಹುಡುಗ ಅಳತೊಡಗಿದ. ಬಿಳಿಗೆರೆಯ ಹತ್ತಿರದವನು. ಆ ದಿನದಿಂದ ಸಾಹೇಬರ ವಿದ್ಯೆಗೆ ಎದುರಾಡುವವರು ಇಲ್ಲದಾದರು.

ಎಂಬತ್ತರ ದಶಕದ ನಡುವೆ, ಅದೇ ಬಿಳಿಗೆರೆಯಿಂದ ಗೌರಮ್ಮ ಎಂಬ ಒಕ್ಕಲುಮನೆಯ ಹೆಂಗಸು ಇಬ್ಬರು ಹೆಣ್ಣುಮಕ್ಕಳನ್ನು ಮಂದಿರಕ್ಕೆ ಕರೆತಂದಳು. ದೊಡ್ಡವಳಿಗೆ ಹನ್ನೆರಡು ಇದ್ದೀತು, ಚಿಕ್ಕದಕ್ಕೆ ನಾಲ್ಕು. ದೊಡ್ಡವಳು ಚಿಕ್ಕದರ ಕೈ ಬಿಡಲಿಲ್ಲ. ಚಿಕ್ಕದರ ಕೂದಲು ಸೊಂಟದವರೆಗೆ ಇಳಿದು ಜಡೆಗಟ್ಟಿತ್ತು.

"ನಮ್ ತ್ವಾಟದ ಮನೇಲಿದ್ವು ಕಣವ್ವ" ಎಂದಳು ಗೌರಮ್ಮ. "ಒಬ್ಬ ತಮಿಳೋನು ಕಾಯಿ ಸುಲಿಯಾಕೆ ಬಂದೋನು, ಇವುನ್ನೂ ಕರ್ಕಂಬಂದಿದ್ದ. ಮೊನ್ನೆ ಪ್ಯಾಟೆಗೆ ಹೋದೋನ್ನ ಪೊಲೀಸ್ನೋರು ಹಿಡ್ಕಂಡೋದ್ರಂತೆ. ಇವು ಅನ್ನ ಮುಟ್ಟಾಕಿಲ್ಲ, ಮಾತಾಡಾಕಿಲ್ಲ. ನಾನೇ ಮಡೀಕ್ಕತಿದ್ದೆ. ನಾಳೆ ಯಾರಾನ ಬಂದು ಎಲ್ಲಿಂದ ತಂದೆ ಅಂದ್ರೆ ಏನಂತ ಹೇಳ್ಲಿ?"

"ಆ ಗಂಡಸು ಇವರಿಗೆ ಏನಾಗಬೇಕು?" ಎಂದು ಕೇಳಿದೆ.

"ಅದ್ಯಾರಿಗೆ ಗೊತ್ತವ್ವ. ಅವನ ಮಾತು ನಂಗಾಗಲ್ಲ, ನನ್ ಮಾತು ಅವನಿಗಾಗಲ್ಲ. ಕೆಲಸದಾಗೆ ಮಾತ್ರ ಮೋಸ ಇರ್ನಿಲ್ಲ."

ಸಾಹೇಬರು ಇಷ್ಟು ಕೇಳಿ ತೀರ್ಮಾನಕ್ಕೆ ಬಂದರು. ಮಕ್ಕಳ ಕಳ್ಳ, ಎಲ್ಲಿಂದಲೋ ಕದ್ದು ತಂದು ದುಡಿಸುತ್ತಿದ್ದಾನೆ. ಅಂಥವರೂ ಆ ಕಾಲದಲ್ಲಿ ಇದ್ದರು, ಆದ್ದರಿಂದ ಅನುಮಾನ ತಪ್ಪೇನಲ್ಲ. ತಪ್ಪಾದದ್ದು ಅನುಮಾನವನ್ನು ಅಲ್ಲಿಗೇ ಬಿಟ್ಟು ಮುಂದೆ ವಿಚಾರಿಸದೆ ಹೋದದ್ದು. ದೊಡ್ಡ ಹುಡುಗಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಯಿ ಕೊಡಿಸಿದರು. ಅವಳು ನೀಟಾಗಿ ಒಡೆದು, ತುರಿದು, ತುರಿಗೆ ಬಿಸಿನೀರು ಹಾಕಿ ಕಿವುಚಿ ಹಾಲು ಹಿಂಡಿದಳು. ಹಿಂಡಿದ ಚರಟವನ್ನು ಪಕ್ಕಕ್ಕಿಟ್ಟು, ಒಲೆಯ ಮೇಲಿದ್ದ ಬರೀ ಬೇಳೆಗೆ ಆ ಹಾಲು ಸುರಿದಳು. ನಮ್ಮ ಕಡೆ ದಿನದ ಸಾರಿಗೆ ಕಾಯಿಯನ್ನು ಖಾರದ ಜೊತೆ ರುಬ್ಬಿ ಹಾಕುತ್ತಾರೆಯೇ ಹೊರತು ಹಾಲು ಹಿಂಡಿ ತುರಿ ಬಿಸಾಡುವವರಿಲ್ಲ. ಆಯಾ ಪುಟ್ಟಮ್ಮನಿಗೆ ಹೊಟ್ಟೆ ಉರಿದುಹೋಯಿತು.

"ಕೇರಳ" ಎಂದರು ಸಾಹೇಬರು. "ಕಾಯಿ ಹಾಲಲ್ಲಿ ಬೇಳೆ ಬೇಯಿಸೋರು ಕೇರಳದೋರು ಕಣ್ರೀ. ಇನ್ನೇನು ಬೇಕು?"

ಆದರೂ ನನ್ನ ಒತ್ತಾಯಕ್ಕೆ ಪೇಟೆಯ ದರ್ಜಿ ಆರ್ಮುಗಂನನ್ನು ಕರೆಸಿದರು. ಅವನ ಅಪ್ಪನ ಕಾಲಕ್ಕೇ ಸೇಲಂನಿಂದ ಬಂದು ತಿಪಟೂರಿನಲ್ಲಿ ನೆಲೆನಿಂತವರು. ಅವನು ಹುಡುಗಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಮಿಳಿನಲ್ಲಿ ಮಾತಾಡಿಸಿದ. ಬಹಳ ಹೊತ್ತಿನ ಮೇಲೆ ಅವಳು ಎರಡು ಮಾತು ಆಡಿದಳು. ಆರ್ಮುಗಂ ತಲೆ ಕೆರೆದುಕೊಂಡ. "ಇದು ನಮ್ ತಮಿಳಲ್ಲ ಸಾರ್. ರಾಗ ಎಲ್ಲಾ ಮಲಯಾಳದೋರ ಥರ ಐತೆ. ಮನೆ ಎಲ್ಲಿ ಅಂದ್ರೆ ಇಲ್ಲ ಅಂತಾಳೆ, ಅಷ್ಟೆ." ಸಾಹೇಬರು ನನ್ನ ಕಡೆ ನೋಡಿದ ನೋಟದಲ್ಲಿ ಬೆಂಗಳೂರಿನ ಹುಡುಗನ ಪ್ರಕರಣವೆಲ್ಲ ಇತ್ತು. ಆ ವಾರವೇ ಇಬ್ಬರನ್ನೂ ಪುಟ್ಟಮ್ಮ ಮತ್ತು ಒಬ್ಬ ಮಹಿಳಾ ಪೇದೆಯ ಜೊತೆ ಕೇರಳದ ಒಂದು ಬಾಲಿಕಾಶ್ರಮಕ್ಕೆ ರೈಲಿನಲ್ಲಿ ಕಳಿಸಿಕೊಟ್ಟರು. ಎಲ್ಲಿಗೆ ಕಳಿಸುತ್ತಿದ್ದೇವೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಹೇಳುವ ಪದ್ಧತಿಯೇ ಇರಲಿಲ್ಲ. ಕಾಯಿ ಮೂಟೆಗೆ ಯಾವ ಮಂಡಿಗೆ ಹೋಗುತ್ತೀಯ ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ.

ಹೋದಷ್ಟೇ ಬೇಗ ಎಲ್ಲರೂ ವಾಪಸ್ಸು ಬಂದರು. ಅಲ್ಲಿನವರು ಹುಡುಗಿಯ ಮಾತು ಕೇಳಿ, ಇದು ನಮ್ಮ ಭಾಷೆಯೇ ಅಲ್ಲ, ತಮಿಳು, ನಿಮಗೆ ಅಷ್ಟೂ ತಿಳಿಯುವುದಿಲ್ಲವೇ ಎಂದರಂತೆ. ಪುಟ್ಟಮ್ಮ ಪ್ರಯಾಣದ ಸಿಟ್ಟನ್ನೆಲ್ಲ ನನ್ನ ಮುಂದೆ ಕಕ್ಕಿ, ಕೊನೆಗೆ ಒಂದು ಮಾತು ಹೇಳಿದಳು.

"ಕೇರಳದಾಗೆ ರೈಲಿನ ಕಿಟಕೀಲಿ ಸಮುದ್ರ ಕಾಣ್ತು ಕಣ್ರವ್ವ. ನಾನೂ ಹುಟ್ಟಿದ್ ಮ್ಯಾಲೆ ಮೊದ್ಲು ನೋಡಿದ್ದು. ತೋರ್ಸಾನ ಅಂತ ತಿರುಗ್ತೀನಿ, ದೊಡ್ಡದು ತನ್ನ ಲಂಗದ ತುದೀನೂ ಚಿಕ್ಕದ್ರ ಲಂಗದ ತುದೀನೂ ಸೇರ್ಸಿ ಗಂಟು ಹಾಕ್ತಾ ಕುಂತೈತೆ. ಬಿಚ್ಚು ಅಂದ್ರೂ ಬಿಚ್ನಿಲ್ಲ. ಇಳಿಯೋಗಂಟ ಹಂಗೇ ಇದ್ವು, ಹೊರಗಡೀಕೆ ಹೋಗ್ಬೇಕಾದ್ರೂ ಎರಡೂ ಒಟ್ಟಿಗೇಯ."

ಅವರು ಕೇರಳದಲ್ಲಿದ್ದಾಗ ಇಲ್ಲಿ ಇನ್ನೊಂದು ನಡೆದಿತ್ತು. ಪೊಲೀಸರು ಹಿಡಿದಿದ್ದ ಆ ಗಂಡಸು ಮಂದಿರದ ಬಾಗಿಲಿಗೆ ಬಂದಿದ್ದ. ನಾನು ಆ ದಿನ ಚಿಕ್ಕನಾಯಕನಹಳ್ಳಿಯಲ್ಲಿದ್ದೆ. ಸಾಹೇಬರೇ ಹೇಳಿದರು, ತಮ್ಮ ಎಚ್ಚರಿಕೆಗೆ ಸಾಕ್ಷಿ ಎಂಬಂತೆ: "ಆ ಕಳ್ಳ ಬಂದಿದ್ದ ಕಣ್ರೀ. ಮಕ್ಕಳು ಅಂತ ಸನ್ನೆ ಮಾಡ್ದ. ಕಳಿಸಾಯ್ತು ಹೋಗಯ್ಯ ಅಂತ ಗದರಿಸಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಎಬ್ಬಿಸಿ ಕಳಿಸಬೇಕಾಯ್ತು." ಮಗುವನ್ನು ಕದ್ದವನು ಮಗುವನ್ನು ಹುಡುಕಿಕೊಂಡು ಸರ್ಕಾರದ ಬಾಗಿಲಿಗೆ ಯಾಕೆ ಬರುತ್ತಾನೆ ಸಾರ್ ಎಂದು ಕೇಳಿದೆ. ಅವರು ಮುಖ ಗಂಟಿಕ್ಕಿದರು.

ಮಂದಿರದಲ್ಲಿ ಒಂದು ನಿಯಮವಿತ್ತು. ಹೊಸದಾಗಿ ಬಂದ ಮಕ್ಕಳ ತಲೆಯಲ್ಲಿ ಹೇನಿದ್ದರೆ ಕೂದಲು ಕತ್ತರಿಸಿಬಿಡುವುದು. ತಿಂಗಳಿಗೊಮ್ಮೆ ಕ್ಷೌರದ ರಂಗಪ್ಪ ಬರುತ್ತಿದ್ದ, ಸಾಲಾಗಿ ಕೂರಿಸಿ ಮುಗಿಸುತ್ತಿದ್ದ. ಮಕ್ಕಳಿಗೆ ಅದು ಅಳುವ ದಿನ. ಕೇರಳದಿಂದ ಬಂದ ಮೇಲೆ ಚಿಕ್ಕದರ ಸರದಿ ಬಂತು. ರಂಗಪ್ಪ ಅದರ ಜಡೆಗಟ್ಟಿದ ಕೂದಲನ್ನು ಕೈಯಲ್ಲಿ ಹಿಡಿದನೋ ಇಲ್ಲವೋ, ದೊಡ್ಡವಳು ಬಂದು ಅವನ ಮೊಣಕೈ ಹಿಡಿದಳು. ಅಷ್ಟು ದಿನ ಬೊಂಬೆಯ ಹಾಗಿದ್ದ ಹುಡುಗಿ. ಅಳಲಿಲ್ಲ, ಕಿರುಚಲಿಲ್ಲ. ನೆಲದ ಮೇಲೆ ಕಾಲು ಮಡಿಸಿ ಕೂತು ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕೂದಲನ್ನು ಮುಟ್ಟಿ ತೋರಿಸಿದಳು, ತನ್ನ ತೊಡೆ ತಟ್ಟಿದಳು, ತಾನಲ್ಲ ಎಂದು ಕೈಯಾಡಿಸಿದಳು. ಆಮೇಲೆ ತನ್ನ ಮೇಲ್ದುಟಿಯ ಮೇಲೆ ಎರಡು ಬೆರಳಿನಿಂದ ಮೀಸೆ ತಿರುವಿದಳು.

"ಮಾಮ" ಎಂದಳು.

ಪುಟ್ಟಮ್ಮನಿಗೆ ಮೊದಲು ಮೀಸೆ ನೋಡಿ ನಗು ಬಂತು. ಆಮೇಲೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಸೋದರಮಾವ ಅಂತಾವ್ಳೆ ಕಣ್ರವ್ವ. ಮುಡಿ ತೆಗ್ಸಿಲ್ಲ. ಇದು ಹುಟ್ಟುಗೂದ್ಲು."

ರಂಗಪ್ಪ ಕತ್ತರಿಯನ್ನು ಪೆಟ್ಟಿಗೆಯೊಳಗಿಟ್ಟು ಎದ್ದ. ಸಾಹೇಬರು ಒಳಗಿನಿಂದ, "ಏನಯ್ಯ, ಕೆಲಸ ನಿಲ್ಲಿಸಿದೆ?" ಎಂದರು. "ಸೋದರಮಾವನ ತೊಡೆ ಇಲ್ದೆ ಹುಟ್ಟುಗೂದ್ಲಿಗೆ ಕತ್ರಿ ಹಾಕಾಕಿಲ್ಲ ಬುದ್ಧಿ. ನಮ್ಮಪ್ಪನೂ ಹಾಕ್ನಿಲ್ಲ, ನಾನೂ ಹಾಕಾಕಿಲ್ಲ" ಎಂದು ಹೇಳಿ ಹೊರಟೇಹೋದ. ಸಾಹೇಬರು ಅವನ ಮೇಲೆ ಕೂಗಾಡಲಿಲ್ಲ. ಅವರೂ ಆರು ಜನ ಅಕ್ಕತಂಗಿಯರ ನಡುವೆ ಹುಟ್ಟಿದವರು, ಎಷ್ಟು ಮಕ್ಕಳ ಮುಡಿ ಅವರ ತೊಡೆಯ ಮೇಲೆ ಇಳಿದಿತ್ತೋ. ಸುಮ್ಮನೆ ಬಂದು ಆ ಹುಡುಗಿಯನ್ನು ನೋಡುತ್ತಾ ನಿಂತರು.

ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದವನು ಯಾರೆಂದು ನನಗೆ ಆಗ ಹೊಳೆಯಿತು. ನಾಲ್ಕು ವರ್ಷದ ಮಗುವಿನ ಮುಡಿಯನ್ನು ಇನ್ನೂ ತೆಗೆಸಿಲ್ಲವೆಂದರೆ, ತೆಗೆಸಬೇಕಾದ ದೇವರ ಹತ್ತಿರ ಹೋಗಲಾಗದಂಥದ್ದು ಏನೋ ಆಗಿರಬೇಕು ಎಂದೂ ಅನ್ನಿಸಿತು.

ಅವತ್ತೇ ಬಿಳಿಗೆರೆಗೆ ಹೋದೆ. ಗೌರಮ್ಮ ನನ್ನನ್ನು ಕಂಡವಳೇ, "ಬಂದಿದ್ದ ಕಣವ್ವ, ಎರಡ್ ಸಲ ಬಂದಿದ್ದ. ಮಂದಿರಕ್ಕೆ ಬುಟ್ಟೀವ್ನಿ ಅಂತ ಕೈ ತೋರ್ಸಿದೆ. ಆಮ್ಯಾಕೆ ಬಂದು ನಮ್ ಜಗಲಿ ಮ್ಯಾಲೆ ಕುಂತು ಹೆಂಗಸಿನಂಗೆ ಅತ್ತ. ಈಗ ತುರುವೇಕೆರೆ ತಾವ ನಾರಿನ ಕಾರ್ಖಾನೇಲಿ ಅವ್ನಂತೆ" ಎಂದಳು. ಮರುದಿನ ಆರ್ಮುಗಂನ ಅಂಗಡಿ ಮುಚ್ಚಿಸಿ ಅವನನ್ನೂ ಬಸ್ಸಿಗೆ ಹತ್ತಿಸಿದೆ. ಹಬ್ಬದ ಬಟ್ಟೆಯೆಲ್ಲ ಹೊಲಿಯುವುದಿದೆ ಎಂದು ದಾರಿಯುದ್ದಕ್ಕೂ ಗೊಣಗಿದ.

ತುರುವೇಕೆರೆಯ ಹೊರಗೆ, ನಾರು ತೆಗೆಯಲು ಕಾಯಿಯ ಮಟ್ಟೆ ನೆನೆಹಾಕಿದ ಗುಂಡಿಗಳ ಪಕ್ಕದಲ್ಲಿ ಅವನು ಸಿಕ್ಕಿದ. ಹೆಸರು ರಾಸಯ್ಯ. ಮೂವತ್ತರ ಆಸುಪಾಸಿನ ಸಣ್ಣ ಆಳು. ಮೀಸೆ ಇತ್ತು. ಸರ್ಕಾರದ ಹೆಂಗಸು ಎಂದು ತಿಳಿದಕೂಡಲೇ ಓಡಲು ಹೊರಟ. ಆರ್ಮುಗಂ ಮಕ್ಕಳ ವಿಷಯ ಎಂದು ಕೂಗಿದ ಮೇಲೆ ನಿಂತ. ಅವನು ಹೇಳಿದ್ದನ್ನು ಆರ್ಮುಗಂ ನಿಲ್ಲಿಸಿ ನಿಲ್ಲಿಸಿ ಕನ್ನಡಕ್ಕೆ ತಂದ. ಲಂಕೆಯ ಕಡಲತಡಿಯ ಊರು. ಮಕ್ಕಳ ಅಪ್ಪ ಒಂದು ದಿನ ಕೆಲಸಕ್ಕೆ ಹೋದವನು ಬರಲಿಲ್ಲ. ಆಮೇಲೆ ಗಲಭೆಯಲ್ಲಿ ಊರಿನ ತಮಿಳರ ಮನೆಗಳಿಗೆ ಬೆಂಕಿ ಬಿತ್ತು. ಅಕ್ಕ ಮಕ್ಕಳನ್ನು ಇವನ ಜೊತೆ ದೋಣಿಗೆ ಹತ್ತಿಸಿ, ತಾನು ಮುಂದಿನ ದೋಣಿಯಲ್ಲಿ ಬರುತ್ತೇನೆ ಎಂದಳು. ಮುಂದಿನ ದೋಣಿ ಬರಲಿಲ್ಲ. ತಮಿಳುನಾಡಿನ ನಿರಾಶ್ರಿತರ ಶಿಬಿರದಲ್ಲಿ ಕೆಲವು ಕಾಲ ಕಾದು, ಕೆಲಸ ಹುಡುಕಿಕೊಂಡು ಅಪ್ಪಣೆಯಿಲ್ಲದೆ ಹೊರಬಿದ್ದು ಇಲ್ಲಿಗೆ ಬಂದಿದ್ದ. ಅದಕ್ಕೇ ಪೊಲೀಸರು ಹಿಡಿದು ಶಿಬಿರಕ್ಕೆ ವಾಪಸ್ಸು ಮುಟ್ಟಿಸಿದ್ದರು. ಬಿಳಿಗೆರೆಯಲ್ಲಿ ಮಕ್ಕಳಿದ್ದಾರೆ ಎಂದು ಅವರಿಗೆ ಹೇಳಿದೆ ಎಂದ. ಅವನ ಮಾತು ಅವರಿಗೆ ಅರ್ಥವಾಗಿರಲಿಲ್ಲ. ಮತ್ತೆ ತಪ್ಪಿಸಿಕೊಂಡು ಬಂದಿದ್ದ.

ಅವನನ್ನು ಆಗಲೇ ಕರೆದೊಯ್ದು ಮಕ್ಕಳನ್ನು ಒಪ್ಪಿಸಿಬಿಟ್ಟೆ ಎಂದು ನೀವು ಅಂದುಕೊಳ್ಳಬೇಡಿ. ಮಾಮ ಎಂದವರೆಲ್ಲ ಮಾಮಂದಿರಲ್ಲ, ಮಾಮಂದಿರೆಲ್ಲ ಒಳ್ಳೆಯವರೂ ಅಲ್ಲ. ಅವನನ್ನು ಮಂದಿರಕ್ಕೆ ಕರೆತಂದು ಹೊರಗೆ ಕೂರಿಸಿ, ದೊಡ್ಡ ಹುಡುಗಿಯನ್ನು ಅಡುಗೆಮನೆಗೆ ಕರೆದೆ. ಪುಟ್ಟಮ್ಮ ಅಕ್ಕಿ ಆರಿಸುತ್ತಿದ್ದಳು, ನಾನೂ ಮೊರ ಹಿಡಿದು ಕೂತೆ, ಹುಡುಗಿಯ ಕೈಗೂ ಒಂದಿಷ್ಟು ಅಕ್ಕಿ ಸುರಿದೆ. ಆರ್ಮುಗಂ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತ. ಮಕ್ಕಳ ಕೈಗೆ ಕೆಲಸವಿದ್ದರೆ, ಕಣ್ಣು ನಮ್ಮ ಮೇಲೆ ಇರಬೇಕಾಗಿಲ್ಲದಿದ್ದರೆ, ಮಾತು ತಾನಾಗಿ ಬರುತ್ತದೆ. ಎದುರಿಗೆ ಮೇಜು, ಪಕ್ಕದಲ್ಲಿ ಪೊಲೀಸು ಇಟ್ಟುಕೊಂಡು ವರ್ಷಗಟ್ಟಲೆ ಮಕ್ಕಳನ್ನು ವಿಚಾರಿಸಿದ ಮೇಲೆ ನಮಗೆ ಬಂದ ಬುದ್ಧಿ ಇದು. ಅವಳ ಹೆಸರು ಮಲರ್, ತಂಗಿಯ ಹೆಸರು ಸೆಲ್ವಿ. ಮಾಮನ ಬಗ್ಗೆ ಬೇರೆಬೇರೆ ರೀತಿಯಲ್ಲಿ ಕೇಳಿದೆ. ಹೊಡೆಯುತ್ತಾನೆಯೇ, ಮೊದಲು ಯಾರಿಗೆ ಊಟ ಹಾಕುತ್ತಾನೆ, ಅವನು ಕೆಲಸಕ್ಕೆ ಹೋದಾಗ ನೀವು ಎಲ್ಲಿರುತ್ತೀರಿ. ಅವಳ ಉತ್ತರಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ಇಷ್ಟು ದಿನ ಯಾಕೆ ಮಾತಾಡಲಿಲ್ಲ ಎಂದು ಕೇಳಿದೆ. ಊರು ಹೇಳಿದರೆ ಊರಿಗೆ ಕಳಿಸುತ್ತಾರೆ ಎಂದು ಶಿಬಿರದಲ್ಲಿ ದೊಡ್ಡವರು ಹೇಳಿಕೊಟ್ಟಿದ್ದರಂತೆ.

ಊರು ಪತ್ತೆ ಹಚ್ಚುವುದೇ ನಮ್ಮ ವಿದ್ಯೆ. ನಮ್ಮ ಆ ವಿದ್ಯೆಗೇ ಹೆದರಿಕೊಂಡು ಒಂದು ಮಗು ಅಷ್ಟು ದಿನ ಬಾಯಿ ಮುಚ್ಚಿಕೊಂಡಿತ್ತು ಎಂಬುದು ನನಗೆ ಬಹಳ ನೋವು ಕೊಟ್ಟಿತು.

ಇಷ್ಟರಲ್ಲಿ, ನಮ್ಮ ವರದಿ ಓದಿದ ಮೇಲಿನ ಕಚೇರಿಯಿಂದ ಸೂಚನೆ ಬಂತು. ವಿದೇಶದ ಮಕ್ಕಳಾದ್ದರಿಂದ ಪೊಲೀಸರ ವಶಕ್ಕೆ ಕೊಟ್ಟು ಅವರ ದೇಶಕ್ಕೆ ಕಳಿಸುವ ಏರ್ಪಾಡು ಮಾಡತಕ್ಕದ್ದು. ಅದು ತಡವಾದರೆ, ಆರು ವರ್ಷದ ಒಳಗಿನ ಮಗು ದೊಡ್ಡ ಹುಡುಗಿಯರ ಜೊತೆ ಇರುವಂತಿಲ್ಲವಾದ್ದರಿಂದ ಸೆಲ್ವಿಯನ್ನು ಬೆಂಗಳೂರಿನ ಶಿಶುಗೃಹಕ್ಕೆ ಸಾಗಿಸತಕ್ಕದ್ದು. ಆ ಕಾಲದಲ್ಲಿ ಇಂಥ ಮಕ್ಕಳಿಗೆಂದು ಒಂದು ಕಾನೂನು ಇರಲಿಲ್ಲ. ಒಂದು ಕಾಯ್ದೆಯ ಕಣ್ಣಿಗೆ ಅವರು ಮಕ್ಕಳು, ಇನ್ನೊಂದು ಕಾಯ್ದೆಯ ಕಣ್ಣಿಗೆ ಪರದೇಶದವರು. ಯಾವ ಕಾಯ್ದೆಯವರು ಮೊದಲು ಕೈಹಿಡಿಯುತ್ತಾರೋ ಅದರಂತೆ ಮಗುವಿನ ಹಣೆಬರಹ. ಹಾಗಾಗಿ ನಾನು ಮಾಡಿದ ಜಾಣತನ ಒಂದೇ, ಪೊಲೀಸರು ಬರುವ ಮುಂಚೆ ಮಕ್ಕಳನ್ನು ಮ್ಯಾಜಿಸ್ಟ್ರೇಟರ ಮುಂದೆ ಕರೆದುಕೊಂಡು ಹೋದದ್ದು. ಸಾಹೇಬರನ್ನು ಕೇಳದೆ ಹೋಗುವಂತಿರಲಿಲ್ಲ. ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, "ನಾನೂ ಬತ್ತೀನಿ ನಡೀರಿ" ಎಂದರು.

ಮ್ಯಾಜಿಸ್ಟ್ರೇಟರು ವಯಸ್ಸಾದವರು, ಮಾತು ಕಡಿಮೆ. ರಾಸಯ್ಯನನ್ನು ನೋಡಿ, ಇವನು ಸೋದರಮಾವ ಎಂಬುದಕ್ಕೆ ಏನು ಆಧಾರ ಎಂದು ಕೇಳಿದರು. ಅವನ ಊರಿನ ಕಚೇರಿಯೇ ಸುಟ್ಟುಹೋಗಿದೆ ಎಂದೆ. ಆಗ ಶಿವನಂಜಪ್ಪನವರು ಎದ್ದು ನಿಂತರು. ಇವರೇ ನನ್ನ ವಿರುದ್ಧ ಹೇಳಿದರೆ ಎಲ್ಲ ಮುಗಿಯಿತು ಎಂದುಕೊಂಡೆ.

"ಸ್ವಾಮಿ, ಈ ಮಕ್ಕಳ ಊರು ಗುರುತಿಸೋದರಲ್ಲಿ ನಾನು ಒಂದ್ಸಲ ತಪ್ಪಿದ್ದೀನಿ" ಎಂದರು. "ಆವಾಗ ಕೇರಳ ಅಂದೆ. ಈಗ ಲಂಕೆ ಅಂತ ಗೊತ್ತಾಗಿದೆ. ಗೊತ್ತಾಯ್ತು ಅಂದಮಾತ್ರಕ್ಕೆ ಅಲ್ಲಿಗೆ ಕಳಿಸೋದಾದ್ರೆ, ಗೊತ್ತಾಗದಿದ್ದದ್ದೇ ಚೆನ್ನಾಗಿತ್ತು. ನಮ್ಮ ಮೇಡಂ ಒಂದು ಮಾತು ಹೇಳ್ತಾರೆ. ಮಗೂನೇ ಕೇಳಿ ಅಂತಾರೆ. ನಾವು ಯಾರೂ ಕೇಳಿಲ್ಲ."

ಅವರ ಮೇಲೆ ನನಗೆ ಹತ್ತು ವರ್ಷದಿಂದ ಇದ್ದ ಸಣ್ಣಪುಟ್ಟ ಸಿಟ್ಟೆಲ್ಲ ಆ ದಿನ ಇಳಿದುಹೋಯಿತು.

ಮ್ಯಾಜಿಸ್ಟ್ರೇಟರು ಮಲರ್‌ಳನ್ನು ಹತ್ತಿರ ಕರೆದರು. ಎಲ್ಲಿಗೆ ಹೋಗಲು ಇಷ್ಟ ಎಂದು ಆರ್ಮುಗಂನ ಮೂಲಕ ಕೇಳಿಸಿದರು. ಅವಳು ತಂಗಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಹೇಳಿದಳು. ಆರ್ಮುಗಂ ಕನ್ನಡದಲ್ಲಿ ಹೇಳಿದ.

"ಮಾಮನ ಜೊತೆ ಅಂತಾಳೆ ಸಾಮಿ. ಎಲ್ಲಿಗೆ ಆದ್ರೂ ಸರಿ ಅಂತೆ. ಆದ್ರೆ ಕಳ್ಸೋಕ್ ಮುಂಚೆ ಎಲ್ಲಿಗೆ ಅಂತ ಹೇಳ್ಬೇಕಂತೆ. ಹೋದ್ಸಲ ರೈಲಲ್ಲಿ ಸಮುದ್ರ ಕಾಣ್ತಂತೆ. ದೋಣಿಗೆ ಹತ್ತಿಸ್ತಾರೆ ಅಂದ್ಕೊಂಡ್ಳಂತೆ. ಹಿಂದೆ ದೋಣಿ ಹತ್ತೋವಾಗ ಅವ್ವ ತಪ್ಪೋದ್ಳಲ್ಲ, ಈ ಸಲ ತಂಗಿ ತಪ್ಪಬಾರದು ಅಂತ ಲಂಗಕ್ಕೆ ಗಂಟು ಹಾಕಿದ್ಳಂತೆ."

ಮಕ್ಕಳ ಜೊತೆ ಬಂದಿದ್ದ ಪುಟ್ಟಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ಲಂಕೆಗೆ ಕಳಿಸಕೂಡದು, ಇಬ್ಬರನ್ನೂ ಬೇರೆ ಮಾಡಕೂಡದು, ಶಿಬಿರದ ಅಧಿಕಾರಿಗಳಿಂದ ರಾಸಯ್ಯನ ವಿಚಾರ ತಿಳಿದುಕೊಂಡು ಅವನ ಜೊತೆಯಲ್ಲಿ ಅಲ್ಲಿಗೇ ಮುಟ್ಟಿಸಬೇಕು ಎಂದು ಆಜ್ಞೆಯಾಯಿತು. ಶಿಬಿರದಿಂದ ಉತ್ತರ ಬರುವುದು ತಡವಾಯಿತು. ಅಲ್ಲಿಯವರೆಗೆ ರಾಸಯ್ಯ ಬಿಳಿಗೆರೆಯಲ್ಲಿ ಗೌರಮ್ಮನ ಕಾಯಿ ಸುಲಿಯುತ್ತಾ, ವಾರಕ್ಕೊಮ್ಮೆ ಬಂದು ಮಕ್ಕಳನ್ನು ನೋಡಿ ಹೋಗುತ್ತಿದ್ದ. ಅವನು ಹೇಳಿದ್ದೆಲ್ಲ ನಿಜವೆಂದು ಶಿಬಿರದವರು ಬರೆದರು. ಶಿಬಿರವೇನು ಸ್ವರ್ಗವಲ್ಲ. ತಗಡಿನ ಕೆಳಗೆ ಸಾಲುಸಾಲಾಗಿ ಸೀರೆಯ ಮರೆ ಕಟ್ಟಿಕೊಂಡು ಇರುವ ಜಾಗ. ಆ ಮ್ಯಾಜಿಸ್ಟ್ರೇಟರಿಗೆ ಅದಕ್ಕಿಂತ ಒಳ್ಳೆಯದನ್ನು ಕೊಡುವ ಅಧಿಕಾರ ಇರಲಿಲ್ಲ, ನನಗೂ ಇರಲಿಲ್ಲ. ಅದನ್ನು ಮುಚ್ಚಿಟ್ಟು ಕಥೆಯನ್ನು ಸಿಹಿ ಮಾಡುವುದು ಬೇಡ.

ಹೊರಡುವ ದಿನ ಬೆಳಿಗ್ಗೆ ರಂಗಪ್ಪ ಕರೆಯದೆಯೇ ಪೆಟ್ಟಿಗೆ ಹಿಡಿದು ಬಂದ. ದೇವರು ಕಡಲಿನ ಆಚೆ ಇದ್ದುದರಿಂದ ಮಂದಿರದ ಜಗಲಿಯೇ ಆಗಲೆಂದು ರಾಸಯ್ಯ ಒಪ್ಪಿಕೊಂಡ. ಸೆಲ್ವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಮಗು ಅಳುತ್ತಾ ಅವನ ಮೀಸೆ ಎಳೆಯುತ್ತಿತ್ತು. ಶಿವನಂಜಪ್ಪನವರು ಮನೆಯಿಂದ ಒಂದು ಕಾಯಿ ತಂದಿದ್ದರು. ಎಲ್ಲಿಯ ಪದ್ಧತಿಯೆಂದು ಹೇಳದೆ, ಯಾರನ್ನೂ ಕೇಳದೆ ಒಡೆದು ಪಕ್ಕದಲ್ಲಿಟ್ಟರು.

ನನ್ನ ಕೆಲಸದಲ್ಲಿ ಅಂದಿನಿಂದ ಒಂದು ಬದಲಾವಣೆ ಮಾಡಿಕೊಂಡೆ. ಮಗು ಎಷ್ಟೇ ಚಿಕ್ಕದಿರಲಿ, ನಮ್ಮ ಭಾಷೆ ಅದಕ್ಕೆ ಬರಲಿ ಬರದಿರಲಿ, ಹೊರಡುವ ಮುಂಚೆ ಎಲ್ಲಿಗೆ, ಯಾರ ಜೊತೆ, ಅಲ್ಲಿ ಯಾರಿರುತ್ತಾರೆ ಎಂದು ಕೂರಿಸಿಕೊಂಡು ಹೇಳುವುದು. ಮೇಲಿನವರು ಇದಕ್ಕೊಂದು ಹೆಸರು ಕೊಟ್ಟು ನಿಯಮ ಮಾಡಿದ್ದು ಬಹಳ ವರ್ಷಗಳ ನಂತರ. ಆ ನಿಯಮವನ್ನು ತರಬೇತಿಯಲ್ಲಿ ಓದಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ತಿಪಟೂರು ಸ್ಟೇಷನ್ನಿನ ಪ್ಲಾಟ್‌ಫಾರಂ ನೆನೆದುಕೊಂಡೆ.

ಅಲ್ಲಿ ಆ ದಿನ ರಾಸಯ್ಯ ಗಂಟುಮೂಟೆ ಕಾಯುತ್ತಾ ನಿಂತಿದ್ದ. ಬೋಳುತಲೆಯ ಸೆಲ್ವಿ ಪುಟ್ಟಮ್ಮನ ಕಂಕುಳಿನಿಂದ ಇಳಿದು ಅಕ್ಕನ ಪಕ್ಕ ಕೂತಿತ್ತು. ಎರಡು ಲಂಗಗಳ ತುದಿ ಸೇರಿ ಗಂಟಾಗಿದ್ದುದನ್ನು ನಾನು ನೋಡಿದೆ. ಆರ್ಮುಗಂನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಲರ್‌ಗೆ ಹೇಳಿದೆ: ಈಗ ಬರುವ ರೈಲು ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಇಳಿದು ಇನ್ನೊಂದು ಹತ್ತುತ್ತೀರಿ. ಮಾಮ ಜೊತೆಯಲ್ಲೇ ಇರುತ್ತಾನೆ. ಶಿಬಿರದವರು ಸ್ಟೇಷನ್ನಿಗೆ ಬಂದಿರುತ್ತಾರೆ. ದಾರಿಯಲ್ಲಿ ಎಲ್ಲೂ ಸಮುದ್ರವಿಲ್ಲ, ದೋಣಿ ಇಲ್ಲ.

ಅವಳು ಕಿವಿಗೊಟ್ಟು ಕೇಳಿದಳು. ಇನ್ನೊಂದು ಸಲ ಹೇಳಲು ಹೇಳು ಎಂದು ಆರ್ಮುಗಂಗೆ ಹೇಳಿದಳು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಬಗ್ಗಿ, ಬಿಗಿಯಾಗಿದ್ದ ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿದಳು. ರೈಲು ಇನ್ನೂ ಬಂದಿರಲಿಲ್ಲ.